ಮೊಗ್ಗಿನ ಜಡೆ ಎಷ್ಟು ಹಳೆಯದು?

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದೆ ಮೆಟ್ರೋದಲ್ಲೋ ಕ್ಯಾಬ್‌ನಲ್ಲೋ ಓದುವವರಿಗಾಗಿ ಎಂದಿನಂತೆ ಈ ಸಂಚಿಕೆಯ ಮಾತು ಇಲ್ಲಿದೆ, ಸ್ವಲ್ಪ ತಿದ್ದಿದ ರೂಪದಲ್ಲಿ. ಈ ಸಲ ರಾಜರಿಗಿಂತ ನನ್ನ ತಲೆಕೂದಲಿನ ಮಾತೇ ಜಾಸ್ತಿ, ಮೊದಲೇ ಹೇಳಿಬಿಡ್ತೀನಿ.

ವಿಷಯ ಏನಂದ್ರೆ, ಏಪ್ರಿಲ್ ಕೊನೆಯಲ್ಲಿ ನನ್ನ ಮದುವೆ. ಧಾರೆ ಮೈಸೂರಿನಲ್ಲಿ, ರಿಸೆಪ್ಷನ್ ಇಲ್ಲಿ ಪುಣೆಯಲ್ಲಿ. ಛತ್ರ, ಊಟ, ಸೀರೆ ಎಲ್ಲದಕ್ಕೂ ಎಕ್ಸೆಲ್ ಶೀಟ್ ಮಾಡಿದ್ದೀನಿ. ಅದರಲ್ಲಿ ಮೂರು ತಿಂಗಳಿಂದ ಕೆಂಪು ಬಣ್ಣದಲ್ಲೇ ಉಳಿದಿರೋ ಸಾಲು ಒಂದೇ: ‘ಹೇರ್’. ಪಾರ್ಲರ್‌ನವರು ವಾಟ್ಸಾಪ್‌ನಲ್ಲಿ 14 ಫೋಟೋ ಕಳಿಸಿದರು. ಮೆಸ್ಸಿ ಬನ್, ಲೂಸ್ ಕರ್ಲ್ಸ್, ಗಜರಾ ಸುತ್ತಿದ ಮರಾಠಿ ಖೋಪಾ. ಧಾರವಾಡದ ನಮ್ಮ ಭಾವಿ ಅತ್ತೆ ಫೋನ್ ಮಾಡಿ, ‘ಛಂದಾಗಿ ಹೆರಳ ಹಾಕ್ಕೊಂಡ್ರ ಸಾಕವಾ’ ಅಂದರು. ಅಮ್ಮ ಮಾತ್ರ ಫೋಟೋಗಳನ್ನು ತೆರೆದೂ ನೋಡಲಿಲ್ಲ. ‘ನಮ್ಮಲ್ಲಿ ಮೊದಲಿಂದಲೂ ಮೊಗ್ಗಿನ ಜಡೆ. ಅದರಲ್ಲಿ ಆರಿಸೋದೇನಿದೆ?’ ಅಂದಳು.

ನನ್ನ ಕೂದಲು ಭುಜದವರೆಗೂ ಸರಿಯಾಗಿ ಬರಲ್ಲ. ಅದು ಒಂದು ಸಮಸ್ಯೆ. ಇನ್ನೊಂದು, ‘ಮೊದಲಿಂದಲೂ’ ಅನ್ನೋ ಪದ. ಯಾರಾದರೂ ಹಾಗಂದ ಕೂಡಲೇ ನನಗೆ ಯಾವಾಗಿನಿಂದ ಅಂತ ಕೇಳೋ ಚಟ.

ಪದಗಳಿಂದಲೇ ಶುರು ಮಾಡೋಣ. ಸೀರೆ ಉಡ್ತೀವಿ, ಬಳೆ ತೊಡ್ತೀವಿ, ಹೂವನ್ನು ಮಾತ್ರ ಮುಡೀತೀವಿ. ತಲೆಗೆ ಹೂ ಇಡೋದಕ್ಕೆ ಅಂತಲೇ ಕನ್ನಡದಲ್ಲಿ ಬೇರೆ ಕ್ರಿಯಾಪದ ಇದೆ. ಮುಡಿ ಅಂದರೆ ಕಟ್ಟಿದ ಕೂದಲು ಕೂಡ. ಮುಡಿ, ತುರುಬು, ಹೆರಳು, ಇವೆಲ್ಲ ನಮ್ಮವೇ ಪದಗಳು. ಆದರೆ ‘ಜಡೆ’ ಸಂಸ್ಕೃತದ ‘ಜಟಾ’ದ ತದ್ಭವ. ತಪಸ್ವಿಗಳ, ಶಿವನ ಗಂಟುಗಟ್ಟಿದ ಕೂದಲಿಗೆ ಇದ್ದ ಹೆಸರು. ಎಣ್ಣೆ ಬಾಚಣಿಗೆ ಮುಟ್ಟದೆ, ಸಂಸಾರ ಬಿಟ್ಟು ಹೋದವರ ತಲೆಯ ಪದ ಸುತ್ತಿ ಬಳಸಿ ಮದುಮಗಳ ಬೆನ್ನಿಗೆ ಬಂದಿದೆ. ಇದನ್ನು ಅಮ್ಮನಿಗೆ ಹೇಳಿದೆ. ‘ಮದುವೆ ಮನೇಲಿ ಆಡೋ ಮಾತಾ ಇದು?’ ಅಂತ ಬೈಸಿಕೊಂಡೆ.

ಇನ್ನು ಕಲ್ಲಿನ ಸಾಕ್ಷಿ. ಬಾದಾಮಿಯ ಮೂರನೇ ಗುಹೆ ಮಂಗಳೇಶ ಮಾಡಿಸಿದ್ದು, ಕ್ರಿ.ಶ. 578. ಅಲ್ಲಿ ಕಂಬಗಳ ಮೇಲಿರೋ ಜೋಡಿ ಶಿಲ್ಪಗಳ ಹೆಂಗಸರನ್ನು ನೋಡಿ: ದೊಡ್ಡ ದೊಡ್ಡ ತುರುಬು, ಅದಕ್ಕೆ ಸುತ್ತಿದ ಅಲಂಕಾರ. ಅಲ್ಲಿಂದ ಐದೂವರೆ ಶತಮಾನ ದಾಟಿ ಬೇಲೂರಿಗೆ ಬನ್ನಿ. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಚೆನ್ನಕೇಶವ ಗುಡಿ. ಕನ್ನಡಿ ಹಿಡಿದ ದರ್ಪಣ ಸುಂದರಿ ನಿಮಗೆಲ್ಲ ಗೊತ್ತು. ಮದನಿಕೆಯರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಹೆಚ್ಚಾಗಿ ತುರುಬುಗಳೇ. ಅಂದರೆ ಪಾರ್ಲರ್‌ನವರ ‘ಬನ್’ಗೆ ಅಮ್ಮನ ಜಡೆಗಿಂತ ಹಳೆಯ ಶಿಲಾಸಾಕ್ಷಿ ಇದೆ! ಅಂದೇ ಫೋನ್ ಮಾಡಿ ಗೆದ್ದ ಖುಷಿಯಲ್ಲಿ ಹೇಳಿಯೂ ಬಿಟ್ಟೆ.

ಆಮೇಲೆ ರಾತ್ರಿ ಮಲಗಿದಾಗ ಹೊಳೀತು, ನಾನು ಮಾಡಿದ್ದು ಡೇಟಾದ ತಪ್ಪು. ಮದನಿಕೆಯರು ಗೋಡೆಯ ಮೇಲ್ಭಾಗದಿಂದ ಮುಂದಕ್ಕೆ ಬಾಗಿದ್ದಾರೆ, ಅವರ ಬೆನ್ನು ಇರೋದು ಗೋಡೆಯ ಕಡೆಗೆ. ನಾವು ಕೆಳಗೆ ನಿಂತು ಕತ್ತೆತ್ತಿ ಮುಖ ನೋಡ್ತೀವಿ. ಬೆನ್ನಿನ ಮೇಲೆ ಇಳಿಬಿಟ್ಟ ಜಡೆ ಇದ್ದರೂ ಕಾಣೋದು ಹೇಗೆ? ಶಿಲ್ಪಿಗೂ ಅದನ್ನು ಕೆತ್ತೋ ಅಗತ್ಯ ಇರಲಿಲ್ಲ. ಬದಿಗೆ ವಾಲಿದ ತುರುಬು ಮುಂದಿನಿಂದಲೂ ಕಾಣುತ್ತೆ, ಹಾಗಾಗಿ ಕಲ್ಲಿನಲ್ಲಿ ಅದೇ ಜಾಸ್ತಿ. ಕಾಣದ್ದನ್ನು ಇರಲಿಲ್ಲ ಅನ್ನೋಕಾಗಲ್ಲ. ಕೋಡ್ ರಿವ್ಯೂನಲ್ಲಿ ಜೂನಿಯರ್‌ಗಳಿಗೆ ನಾನೇ ಹೇಳೋ ಮಾತು ಇದು.

ಬೆನ್ನಿನ ಜಡೆಯನ್ನೂ ಮುಖವನ್ನೂ ಒಟ್ಟಿಗೆ ತೋರಿಸೋದಕ್ಕೆ ಉಪಾಯ ಮಾಡಿದವರು ಫೋಟೋ ಸ್ಟುಡಿಯೋದವರು. ನಿಮ್ಮ ಮನೆಯ ಹಳೇ ಆಲ್ಬಂ ತೆಗೀರಿ, ಖಂಡಿತ ಸಿಗುತ್ತೆ. ಏಳೆಂಟು ವರ್ಷದ ಹುಡುಗಿ, ಜರಿ ಲಂಗ, ಅಳೋಕೆ ಒಂದು ಸೆಕೆಂಡ್ ಬಾಕಿ ಇರೋ ಮುಖ. ಹಿಂದೆ ನಿಲುವುಗನ್ನಡಿ. ಅದರೊಳಗೆ ನೆತ್ತಿಯ ರಾಗಟೆಯಿಂದ ತುದಿಯ ಕುಚ್ಚಿನವರೆಗೆ ಬಿಳಿ ಮೊಗ್ಗಿನ ಸಾಲು ಸಾಲು. ಅಮ್ಮನದ್ದು ಒಂದಿದೆ, ಕಪ್ಪು ಬಿಳುಪು. ದೊಡ್ಡಮ್ಮನದ್ದು ಒಂದಿದೆ. ನನ್ನದೂ ಇದೆ, ಬಣ್ಣದ್ದು, ಹಿಂದೆ ತಾಜ್‌ಮಹಲಿನ ಪರದೆ ಬೇರೆ.

ಬೇಸಿಗೆ ರಜೆ ಬಂತು ಅಂದ್ರೆ ಮೊಗ್ಗಿನ ಜಡೆ. ಯಾಕಂದ್ರೆ ಮಲ್ಲಿಗೆ ಅಗ್ಗವಾಗೋದು ಆಗಲೇ. ಮದುವೆಗೆ, ಸೀಮಂತಕ್ಕೆ ಕೂಡ ಹಾಕ್ತಾರೆ. ಆದರೆ ನಮ್ಮಲ್ಲಿ ಎಷ್ಟೋ ಜನಕ್ಕೆ ಅದರ ಮೊದಲ ನೆನಪು ಆ ಸ್ಟುಡಿಯೋದ ಸ್ಟೂಲ್. ನನ್ನ ಊಹೆ, ಇದನ್ನು ಇತಿಹಾಸ ಅಂತ ತಗೋಬೇಡಿ: ಮೊಗ್ಗಿನ ಜಡೆ ‘ಮೊದಲಿಂದಲೂ’ ಅಂತ ನಮ್ಮ ಮನಸ್ಸಲ್ಲಿ ಕೂತಿರೋದಕ್ಕೆ ಅರ್ಧ ಕಾರಣ ಆ ಕನ್ನಡಿ.

ಕಟ್ಟೋದು ಹೇಗೆ ಅಂತ ಗೊತ್ತಿಲ್ಲದವರಿಗೆ ಹೇಳ್ತೀನಿ. ಅರಳದ ಮೊಗ್ಗೇ ಬೇಕು. ಸೂಜಿ ದಾರದಲ್ಲಿ ಪೋಣಿಸಿ, ಒಂದೊಂದು ಸಾಲನ್ನೂ ಅಡ್ಡಲಾಗಿ ಹೊಲೀತಾ ಹೋಗಬೇಕು. ಕೆಲವರು ನೇರವಾಗಿ ಜಡೆಗೇ ಹೊಲೀತಾರೆ. ಕೆಲವರು ಬಾಳೆ ಪಟ್ಟೆಯ ಮೇಲೋ ಬಟ್ಟೆಯ ಪಟ್ಟಿಯ ಮೇಲೋ ಮೊದಲೇ ಹೊಲಿದು ಆಮೇಲೆ ಜಡೆಗೆ ಕಟ್ತಾರೆ. ಗಂಟೆಗಟ್ಟಲೆ ಕೆಲಸ. ಹುಡುಗಿ ಅಲ್ಲಾಡೋ ಹಾಗಿಲ್ಲ. ರಾತ್ರಿ ಮಲಗೋದು ಬೋರಲು. ಸಂಜೆಯಾದ ಮೇಲೆ ಮೊಗ್ಗು ಬಿರಿದು ಮನೆಯೆಲ್ಲ ಘಮ ಅನ್ನುತ್ತೆ, ಹುಡುಗಿಗೆ ಮಾತ್ರ ತಲೆನೋವು.

ನಮ್ಮ ಬೀದಿಯಲ್ಲಿ ಇದನ್ನು ಹಾಕಿಕೊಡ್ತಿದ್ದವರು ನಮ್ಮಜ್ಜಿ. ಅಕ್ಕಪಕ್ಕದ ಮನೆಯವರು ಮೊಗ್ಗು ತಂದು ಸಾಲಾಗಿ ಕೂರೋರು. ನನ್ನ ತಾಜ್‌ಮಹಲ್ ಫೋಟೋದ ಜಡೆಯೂ ಅಜ್ಜಿಯ ಕೈಯದ್ದೇ. 2009ರಲ್ಲಿ ತಾತ ಹೋದರು. ಆಮೇಲೆ ಅಜ್ಜಿ ಯಾರಿಗೂ ಜಡೆ ಹಾಕಲಿಲ್ಲ. ಆಗ ನಾನು ಓದಿನ ಗಡಿಬಿಡಿಯಲ್ಲಿದ್ದೆ. ಅಜ್ಜಿಗೆ ಕಣ್ಣು ಮಂಜಾಗಿರಬೇಕು ಅಂದುಕೊಂಡಿದ್ದೆ.

ಮೊನ್ನೆ ವಿಡಿಯೋ ಕಾಲ್‌ನಲ್ಲಿ, ‘ಅಜ್ಜಿ, ಬೇರೆ ಯಾರೂ ಬೇಡ, ನೀನೇ ಹಾಕಿಕೊಡು’ ಅಂದೆ. ಅಜ್ಜಿ ನಕ್ಕು, ‘ನಾನು ನಿನ್ನ ತಲೆಗೆ ಹೂ ಇಡಬಾರದಮ್ಮ’ ಅಂದರು. ಕಣ್ಣಿನ ಮಾತೇ ಬರಲಿಲ್ಲ.

ಆಗ ಅಜ್ಜಿ ತಮ್ಮ ಅತ್ತೆಯ ಕಥೆ ಹೇಳಿದರು. ನಮ್ಮದು ಬ್ರಾಹ್ಮಣರ ಮನೆ. ಆ ಮುತ್ತಜ್ಜಿ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ತಲೆ ಬೋಳಿಸಿ, ಕೆಂಪು ಸೀರೆಯ ಸೆರಗು ಹೊದ್ದು, ಮಡಿ ಅಂತ ಮೂಲೆ ಹಿಡಿದವರು. ಸಾಯೋವರೆಗೂ ತಿಂಗಳಿಗೊಮ್ಮೆ ಕ್ಷೌರಿಕ ಮನೆಯ ಹಿತ್ತಲಿಗೆ ಬರ್ತಿದ್ದ. ಆ ದಿನ ಸೊಸೆ, ಅಂದರೆ ನಮ್ಮಜ್ಜಿ, ಹಿತ್ತಲ ಕಡೆ ತಲೆ ಹಾಕೋ ಹಾಗಿರಲಿಲ್ಲ. ‘ನನ್ನ ಕಾಲಕ್ಕೆ ಅದನ್ನು ಯಾರೂ ಕೇಳಲಿಲ್ಲ. ಕೂದಲು ಉಳೀತು, ಹೂವು ಹೋಯ್ತು’ ಅಂದರು ಅಜ್ಜಿ. ದನಿಯಲ್ಲಿ ದೂರು ಇರಲಿಲ್ಲ. ಹಾಲಿನ ಲೆಕ್ಕ ಹೇಳಿದ ಹಾಗಿತ್ತು.

ನಾನು ಜಡೆಯ ಇತಿಹಾಸ ಅಂತ ಬಾದಾಮಿ, ಬೇಲೂರು ಸುತ್ತುತ್ತಾ ಇದ್ದೆ. ಈ ಇತಿಹಾಸ ನಮ್ಮ ಹಿತ್ತಲಲ್ಲೇ ಇತ್ತು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಓದಿದವರಿಗೆ, ಪ್ರೇಮಾ ಕಾರಂತರ ಸಿನಿಮಾ ನೋಡಿದವರಿಗೆ ಇದು ಹೊಸದಲ್ಲ. 1976ರ ಆ ಕಾದಂಬರಿಯನ್ನು ಪಿಯುಸಿಯಲ್ಲಿದ್ದಾಗ ನಾನೂ ಓದಿದ್ದೆ. ಆದರೆ ಅದು ನಮ್ಮ ಮನೆಯದ್ದೂ ಅಂತ ಅನ್ನಿಸಿರಲಿಲ್ಲ.

ಇನ್ನೊಂದು ವಿಚಿತ್ರ ನೋಡಿ. ನಾನಿರೋದು ಪುಣೆಯ ಕರ್ವೆನಗರದಲ್ಲಿ. ಬಾಡಿಗೆ ಸ್ವಲ್ಪ ಕಮ್ಮಿ, ಆಫೀಸ್ ಬಸ್ ಸಿಗುತ್ತೆ ಅಂತ ಮನೆ ಮಾಡಿದ್ದು. ಇದರ ಹಳೇ ಹೆಸರು ಹಿಂಗಣೆ. ಧೋಂಡೋ ಕೇಶವ ಕರ್ವೆ ವಿಧವೆಯರಿಗಾಗಿ ಆಶ್ರಮ ಕಟ್ಟಿದ ಜಾಗ. ಸ್ವತಃ ಕರ್ವೆ 1893ರಲ್ಲಿ ವಿಧವೆಯೊಬ್ಬರನ್ನು ಮದುವೆಯಾದರು, ಗೋದುಬಾಯಿ ಅಂತ. ವಿಧವಾ ವಿವಾಹಕ್ಕೆ ಕಾನೂನು ಒಪ್ಪಿಗೆ ಸಿಕ್ಕಿದ್ದು 1856ರಲ್ಲೇ. ಊರಿನ ಒಪ್ಪಿಗೆ ಸಿಕ್ಕಿರಲಿಲ್ಲ, ಆ ಮದುವೆಗಾಗಿ ಅವರು ಸ್ವಂತ ಊರಲ್ಲಿ ಬಹಿಷ್ಕಾರ ಅನುಭವಿಸಿದರು. ಗೋದುಬಾಯಿ ಅದಕ್ಕೆ ಮೊದಲು ಓದ್ತಿದ್ದದ್ದು ಪಂಡಿತಾ ರಮಾಬಾಯಿಯ ಶಾರದಾ ಸದನದಲ್ಲಿ. 1889ರಲ್ಲಿ ಮುಂಬೈನಲ್ಲಿ ಶುರುವಾಗಿ ಮರುವರ್ಷ ಪುಣೆಗೆ ಬಂದ ಶಾಲೆ ಅದು. ರಮಾಬಾಯಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ, ತುಂಗೆ ಭದ್ರೆ ಹುಟ್ಟೋ ಕಾಡಿನಲ್ಲಿ. ಕರ್ವೆ ಮತ್ತು ರಮಾಬಾಯಿ ಇಬ್ಬರೂ 1858ರ ಏಪ್ರಿಲ್‌ನವರು, ಐದೇ ದಿನದ ಅಂತರ.

ಗೋದುಬಾಯಿಯ ತಂಗಿ ಪಾರ್ವತಿಬಾಯಿ ಆಠವಲೆ ಕೂಡ ವಿಧವೆ. ತಲೆ ಬೋಳಿಸಿಕೊಂಡೇ ಆಶ್ರಮದ ಕೆಲಸಕ್ಕೆ ಊರೂರು ತಿರುಗಿದವರು. ಎಷ್ಟೋ ವರ್ಷಗಳ ಮೇಲೆ ತಾವೇ ತೀರ್ಮಾನಿಸಿ ಮುಂಡನ ನಿಲ್ಲಿಸಿ ಕೂದಲು ಬಿಟ್ಟರು, ಆತ್ಮಕಥೆಯಲ್ಲಿ ಅದನ್ನು ಬರೆದಿದ್ದಾರೆ. ಅದಕ್ಕೂ ಮುಂಚೆ, 1890ರಲ್ಲಿ, ಮುಂಬೈಯ ಕ್ಷೌರಿಕರು ಸಭೆ ಸೇರಿ ಇನ್ನು ಮುಂದೆ ವಿಧವೆಯರ ತಲೆ ಬೋಳಿಸೋದಿಲ್ಲ ಅಂತ ನಿರ್ಧಾರ ಮಾಡಿದ್ದರು. ಜೋತಿಬಾ ಫುಲೆಯವರ ಸತ್ಯಶೋಧಕ ಚಳವಳಿಯ ನಾರಾಯಣ ಮೇಘಾಜಿ ಲೋಖಂಡೆ ಅವರನ್ನು ಸಂಘಟಿಸಿದ್ದು. ಈ ಸಂಗತಿ ನನಗೆ ಬಹಳ ಹಿಡಿಸಿತು. ಶಾಸ್ತ್ರ ಹೇಳೋರು ವಾದ ಮಾಡ್ತಾನೇ ಇದ್ದರು, ಕತ್ತಿ ಹಿಡಿದವರು ಕತ್ತಿ ಕೆಳಗಿಟ್ಟರು. ಆದರೂ ನಮ್ಮ ಮೈಸೂರಿನ ಹಿತ್ತಲಿಗೆ ಆ ಸುದ್ದಿ ತಲುಪೋಕೆ ಅರ್ಧ ಶತಮಾನಕ್ಕಿಂತ ಜಾಸ್ತಿ ಹಿಡೀತು.

ಕೂದಲು ಅಂದ್ರೆ ಬರೀ ಸಿಂಗಾರ ಅಂತ ನಮ್ಮ ಕವಿಗಳೂ ಅಂದುಕೊಂಡಿರಲಿಲ್ಲ. ಪಂಪ, ರನ್ನ ಇಬ್ಬರಲ್ಲೂ ದ್ರೌಪದಿಯ ಬಿಚ್ಚಿದ ಮುಡಿ ಇಡೀ ಯುದ್ಧದ ಲೆಕ್ಕ ಇಟ್ಟುಕೊಂಡಿರುತ್ತೆ. ದುಶ್ಶಾಸನ ಹಿಡಿದೆಳೆದ ಮುಡಿಯನ್ನು ಮತ್ತೆ ಕಟ್ಟಬೇಕಾದರೆ ಭೀಮನ ಪ್ರತಿಜ್ಞೆ ತೀರಬೇಕು. ಪಂಪ 941ರ ಸುಮಾರಿಗೆ ಭಾರತ ಬರೆದದ್ದು ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿ. ಹೈದರಾಬಾದಿನ ಗೆಳೆಯರೇ, ವೀಕೆಂಡ್ ಡ್ರೈವ್‌ಗೆ ಹೋಗಿಬನ್ನಿ, ದೂರ ಏನಿಲ್ಲ. ಹೆಂಗಸಿನ ತಲೆಗೆ ಯಾರು ಕೈ ಹಾಕಬಹುದು, ಯಾರು ಹಾಕಬಾರದು ಅನ್ನೋ ಪ್ರಶ್ನೆ ಅಷ್ಟು ಹಳೆಯದು. ನಮ್ಮ ಮನೆಯಲ್ಲಿ ಅದು ತಿರುಗಾಮುರುಗಾ ಆಗಿ ಕೂತಿದೆ: ಕ್ಷೌರಿಕ ಮುತ್ತಜ್ಜಿಯ ತಲೆ ಮುಟ್ಟಬಹುದಿತ್ತು, ಅಜ್ಜಿ ನನ್ನ ತಲೆ ಮುಟ್ಟಬಾರದು.

ಇಷ್ಟೆಲ್ಲ ಓದಿಕೊಂಡು ಮತ್ತೆ ಫೋನ್ ಮಾಡಿದೆ. ಕರ್ವೆ, ರಮಾಬಾಯಿ, ಕ್ಷೌರಿಕರ ಸಭೆ, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಸ್ಲೈಡ್ ಒಂದೇ ಬಾಕಿ. ಅಜ್ಜಿ ಪೂರ್ತಿ ಕೇಳಿಸಿಕೊಂಡು, ‘ಒಳ್ಳೇವರು ಕಣೆ ಆ ಜನ’ ಅಂದರು. ಆಮೇಲೆ, ‘ಆದ್ರೂ ನಾಳೆ ನಿನಗೆ ಏನಾದ್ರೂ ಆದ್ರೆ ನನ್ನ ಕೈಯಿಂದಲೇ ಆಯ್ತು ಅಂತ ನಾನೇ ಕೊರಗ್ತೀನಿ. ಬೇರೆಯವರ ಮಾತು ಬಿಡು’ ಅಂದರು.

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಊರಿನ ಕಟ್ಟಳೆ ಆದರೆ ಜಗಳ ಆಡಬಹುದು. 82 ವರ್ಷದ ಮುದುಕಿಯ ಭಯದ ಜೊತೆ ಹೇಗೆ ಜಗಳ ಆಡೋದು? ಅಮ್ಮ ಪಕ್ಕದಲ್ಲೇ ಕೂತಿದ್ದಳು. ಅಷ್ಟು ದಿನ ಮೊಗ್ಗಿನ ಜಡೆಗೆ ಹಟ ಹಿಡಿದವಳು, ‘ಬೇಡ ಬಿಡು, ತುರುಬೇ ಕಟ್ಟಿಸಿಕೋ’ ಅಂದಳು. ಅವಳಿಗೂ ಆ ಜಡೆ ಅಂದ್ರೆ ಅಜ್ಜಿಯ ಕೈ ಅಂತ ನನಗೆ ಗೊತ್ತಾಗಿದ್ದು ಆಗ.

ಎರಡು ದಿನ ಬಿಟ್ಟು ಅಜ್ಜಿಯೇ ಫೋನ್ ಮಾಡಿಸಿದರು. ‘ಪಟ್ಟೆ ಮೇಲೆ ಹೊಲಿದು ಕೊಡ್ತೀನಿ. ನಿಮ್ಮಮ್ಮ ಕಟ್ಟಲಿ’ ಅಂದರು. ಅಂದರೆ ಮೊಗ್ಗು ಮುಟ್ಟಬಹುದು, ಸೂಜಿ ಹಿಡೀಬಹುದು, ನನ್ನ ತಲೆಗೆ ಮಾತ್ರ ಕೈ ಇಡಲ್ಲ. ಇದು ಅರ್ಧ ಗೆಲುವೋ ಅರ್ಧ ಸೋಲೋ ಅಂತ ನನ್ನ ಹುಡುಗ ಕೇಳಿದ. ನಾನು ಸುಮ್ಮನೆ ಎಕ್ಸೆಲ್ ಶೀಟಿನಲ್ಲಿ ಆ ಸಾಲನ್ನು ಕೆಂಪಿನಿಂದ ಹಳದಿ ಮಾಡಿದೆ. ಹಸಿರು ಮಾಡಲಿಲ್ಲ. ಧಾರೆಯ ದಿನ ಬೆಳಿಗ್ಗೆ ಇನ್ನೊಂದು ಸಲ ಕೇಳೋಣ ಅಂತಿದೆ, ಕೇಳಬಾರದೇನೋ ಅಂತಲೂ ಇದೆ.

ಈಗ ಉಳಿದಿರೋದು ಲೆಕ್ಕಾಚಾರ. ಚೌರಿ ತಂದಿದ್ದೀನಿ. ಜಡೆ ಎಷ್ಟು ಉದ್ದ ಬೇಕು ಅಂತ ಅಜ್ಜಿ ಕೇಳಿದರು. ನಾನು 75 ಸೆಂಟಿಮೀಟರ್ ಅಂದೆ. ‘ಅದೆಲ್ಲ ಗೊತ್ತಿಲ್ಲ, ಎಷ್ಟು ಗೇಣು ಹೇಳು’ ಅಂದರು. ಕ್ಯಾಮೆರಾ ಮುಂದೆ ಚೌರಿ ಹಾಸಿ ಗೇಣು ಹಾಕಿ ತೋರಿಸಿದೆ. ‘ನಿನ್ನ ಗೇಣಲ್ಲ, ನನ್ನ ಗೇಣು’ ಅಂತ ಬೈದರು. ಮೊಗ್ಗು ಹಿಂದಿನ ದಿನ ಮಧ್ಯಾಹ್ನದೊಳಗೆ ಮನೆಗೆ ಬರಬೇಕಂತೆ, ಒದ್ದೆ ಬಟ್ಟೆಯಲ್ಲಿ ಸುತ್ತಿ ಇಡಬೇಕಂತೆ, ಫ್ರಿಜ್ಜಿಗೆ ಇಟ್ಟರೆ ಮುಟ್ಟೋದೇ ಇಲ್ಲವಂತೆ. ಹಿಂದಿನ ದಿನಕ್ಕೂ ರಜೆ ಹಾಕಿದ್ದೀನಿ, ಪಕ್ಕದಲ್ಲಿ ಕೂತು ಪೋಣಿಸೋದು ಕಲಿಯೋಣ ಅಂತ.