ಕಲ್ಕತ್ತೆಯ ಪಣ: ಕಿರಿದಾದ ಬಿಡುವಿನ ಕಥೆ

ದ್ಯೂತವನ್ನು ಸಪ್ತವ್ಯಸನಗಳಲ್ಲಿ ಎಣಿಸಿದ ನಮ್ಮ ಹಿರಿಯರು, ಧರ್ಮರಾಯನಂಥವನೇ ಪಗಡೆಯ ಹಾಸಿನ ಮುಂದೆ ಕುಳಿತು ರಾಜ್ಯವನ್ನೂ ತಮ್ಮಂದಿರನ್ನೂ ಸೋತ ಕಥೆಯನ್ನು ಹೇಳುವಾಗ, ಆ ಸಭೆಯಲ್ಲಿ ಭೀಷ್ಮದ್ರೋಣರು ಆಸೀನರಾಗಿದ್ದರೆಂಬುದನ್ನೂ, ಪಣಪಣಗಳ ನಡುವೆ ವಿದುರನು ಬುದ್ಧಿ ಹೇಳುವಷ್ಟು ಅವಕಾಶವಿತ್ತೆಂಬುದನ್ನೂ ಮರೆಯದೆ ಹೇಳಿದರು. ಆ ಬುದ್ಧಿ ಯಾರ ಕಿವಿಗೂ ಬೀಳಲಿಲ್ಲ, ನಿಜ. ಆದರೆ ಹೇಳುವುದಕ್ಕೆ ಎಡೆಯಿತ್ತು. ಆ ಎಡೆಯು ಕಾಲಕ್ರಮದಲ್ಲಿ ಹೇಗೆ ಕಿರಿದಾಗುತ್ತ ಬಂದಿತೆಂಬುದನ್ನು ಅರಿಯಬಯಸುವವನಿಗೆ ಕಲ್ಕತ್ತೆಯ ಚರಿತ್ರೆಗಿಂತ ಉತ್ತಮವಾದ ಪಾಠ ಸಿಕ್ಕುವುದು ದುರ್ಲಭ.

ಬಂಗಾಳದ ಹಳೆಯ ಎಲೆಯಾಟವೆಂದರೆ ವಿಷ್ಣುಪುರದ ಮಲ್ಲರಾಜರ ಆಸ್ಥಾನದಲ್ಲಿ ಬೆಳೆದ ದಶಾವತಾರದ ಆಟ. ಬಟ್ಟೆಯ ಪದರಗಳನ್ನು ಹುಣಿಸೇಬೀಜದ ಅಂಟಿನಿಂದ ಕೂಡಿಸಿ, ಒಣಗಿಸಿ, ದುಂಡಗೆ ಕತ್ತರಿಸಿ, ಒಂದೊಂದರ ಮೇಲೂ ಕುಂಚದಿಂದ ಚಿತ್ರ ಬರೆದ 120 ಎಲೆಗಳು ಅದಕ್ಕೆ ಬೇಕು. ಯಾವ ಅವತಾರದ ಎಲೆಗೆ ಅಗ್ರಸ್ಥಾನವೆಂಬುದು ಹಗಲೋ ಇರುಳೋ, ಮಳೆಯೋ ಬಿಸಿಲೋ ಎಂಬುದನ್ನು ಅನುಸರಿಸಿ ಬದಲಾಗುತ್ತಿದ್ದುದರಿಂದ, ಎಲೆ ಹಿಡಿಯುವ ಮುನ್ನ ಆಟಗಾರನು ಒಮ್ಮೆ ಆಕಾಶದ ಕಡೆಗೆ ನೋಡಲೇಬೇಕಾಗಿತ್ತು.

ಕಂಪನಿಯ ಕಲ್ಕತ್ತೆಯಲ್ಲಿ ಆ ದುಂಡು ಎಲೆಗಳ ಸ್ಥಾನವನ್ನು ಇಸ್ಪೀಟು ಆಕ್ರಮಿಸಿತು. ವಾರನ್ ಹೇಸ್ಟಿಂಗ್ಸನ ಕೌನ್ಸಿಲಿನ ಸದಸ್ಯನಾದ ಫಿಲಿಪ್ ಫ್ರಾನ್ಸಿಸ್ 1776ರಲ್ಲಿ ವಿಸ್ಟ್ ಆಟದಲ್ಲಿ ಸುಮಾರು 20,000 ಪೌಂಡು ಗೆದ್ದನು. ಸೋತವರಲ್ಲಿ ಮುಖ್ಯನು ಅದೇ ಕೌನ್ಸಿಲಿನಲ್ಲಿ ಅವನ ಪ್ರತಿಪಕ್ಷದವನಾಗಿದ್ದ ರಿಚರ್ಡ್ ಬಾರ್ವೆಲ್ ಎಂಬುದು ಪ್ರತೀತಿ. ಪಣ ಅಪಾರವಾದರೂ, ರಾತ್ರಿ ಮೇಜಿನಲ್ಲಿ ಎದುರಾದವನನ್ನೇ ಹಗಲು ರಾಜ್ಯಕಾರ್ಯದಲ್ಲಿಯೂ ಎದುರಿಸಬೇಕಾದ ಮುಖಪರಿಚಯವು ಆ ಆಟಕ್ಕೆ ಒಂದು ಅಂಕುಶವಾಗಿತ್ತು. ಮುಂದೆ ಸರ್ಕಾರವೇ ಅದೃಷ್ಟದ ಚೀಟಿ ಮಾರಿತು: 1813ರಲ್ಲಿ ಪೂರ್ಣಗೊಂಡ ಟೌನ್ ಹಾಲ್ ಲಾಟರಿಯ ಹಣದಿಂದ ಎದ್ದುದು, 1817ರಲ್ಲಿ ನೇಮಕವಾದ ಲಾಟರಿ ಸಮಿತಿಯು ಸ್ಟ್ರ್ಯಾಂಡ್ ರಸ್ತೆಯನ್ನೂ ಕಾರ್ನ್‌ವಾಲಿಸ್ ಬೀದಿಯನ್ನೂ ಹಾಕಿಸಿತು. ಚೀಟಿ ಕೊಂಡವನು ಎತ್ತುವ ದಿನದವರೆಗೆ ಕಾಯಬೇಕಾಗಿತ್ತು.

ಆದರೆ ಕಾಯುವಿಕೆಯನ್ನೇ ಆಟವನ್ನಾಗಿ ಮಾಡಿದವರು ಬಡಾಬಜಾರಿನ ಮಾರವಾಡಿ ವರ್ತಕರು. ಗೊತ್ತಾದ ಅವಧಿಯೊಳಗೆ ಮಳೆ ಬಂದು ಮಹಡಿಯ ಮೇಲಿನ ನೀರು ಹರನಾಳದಿಂದ ಧುಮುಕುವುದೆ, ಇಲ್ಲವೆ, ಎಂಬುದರ ಮೇಲೆ ಅವರು ಪಣ ಒಡ್ಡುತ್ತಿದ್ದರು. ಮೋಡ ಕವಿದರೆ ಒಂದು ದರ, ಚದುರಿದರೆ ಮತ್ತೊಂದು. ಕತ್ತೆತ್ತಿ ನಿಂತ ಜನರ ದೃಷ್ಟಿಯೆಲ್ಲ ಆ ಒಂದು ಹರನಾಳದ ಬಾಯಿಯಲ್ಲಿ. ಬಂಗಾಳದ ಶಾಸನಸಭೆಯು 1897ರಲ್ಲಿ ಇದನ್ನು ನಿಷೇಧಿಸಿತು. ಅದು ಜೂಜೇ ಸರಿ. ಆದರೂ ಮುಗಿಲನ್ನು ಅವಸರಪಡಿಸಬಲ್ಲ ಜೂಜುಗಾರನು ಹುಟ್ಟಿರಲಿಲ್ಲ.

ಸ್ವಾತಂತ್ರ್ಯಾನಂತರ, 1957ರ ಪಶ್ಚಿಮ ಬಂಗಾಳದ ಜೂಜಿನ ಕಾಯಿದೆಯು ಬ್ರಿಜ್, ಪೋಕರ್, ರಮ್ಮಿ, ನ್ಯಾಪ್ ಎಂಬ ಎಲೆಯಾಟಗಳನ್ನು ಹೆಸರಿಸಿಯೇ ಜೂಜಿನ ವ್ಯಾಖ್ಯೆಯಿಂದ ಹೊರಗಿಟ್ಟಿತು. ಆ ಶಾಸನಕರ್ತರ ಕಣ್ಣೆದುರಿಗಿದ್ದ ಪೋಕರ್, ಗೆಳೆಯರು ದುಂಡಾಗಿ ಕುಳಿತು, ಎಲೆ ಕಲಸಿ ಹಂಚಿ, ಗಂಟೆಗೆ ಸುಮಾರು 30 ಸುತ್ತು ಆಡುವ ಆಟ. ಅದು ಗಣಕಯಂತ್ರಕ್ಕೆ ಏರಿದ ಮೇಲೆ, 2010ರಲ್ಲಿ ಫುಲ್ ಟಿಲ್ಟ್ ಸಂಸ್ಥೆಯು ‘ರಷ್ ಪೋಕರ್’ ಎಂಬುದನ್ನೂ, 2012ರಲ್ಲಿ ಪೋಕರ್‌ಸ್ಟಾರ್ಸ್ ‘ಝೂಮ್’ ಎಂಬುದನ್ನೂ ತಂದುವು. ಸಾಧಾರಣವಾದ ಮೇಜಿನಲ್ಲಿ ಕೆಟ್ಟ ಎಲೆ ಬಂದವನು ಅದನ್ನು ಕೈಬಿಟ್ಟು, ಉಳಿದವರು ಸುತ್ತು ಮುಗಿಸುವವರೆಗೆ ಸುಮ್ಮನೆ ನೋಡುತ್ತ ಕುಳಿತಿರಬೇಕು. ಈ ಹೊಸ ಪದ್ಧತಿಯಲ್ಲಾದರೋ, ಬೆರಳು ಒತ್ತಿದ ಕೂಡಲೆ ಆ ಮೇಜು ಮಾಯವಾಗಿ, ಬೇರೊಂದು ಮೇಜು, ಬೇರೆ ಎದುರಾಳಿಗಳು, ಆಗಲೇ ಹಂಚಿದ ಎರಡು ಹೊಸ ಎಲೆಗಳು ಕಣ್ಣಮುಂದೆ ನಿಲ್ಲುತ್ತವೆ. ಗಂಟೆಗೆ 200ಕ್ಕೂ ಮೀರಿದ ಸುತ್ತುಗಳು ಹೀಗೆ ಸರಿದುಹೋಗುತ್ತವೆ. ಎದುರಿನವನ ಸ್ವಭಾವವನ್ನು ಅರಿಯುವುದೇ ಪೋಕರಿನ ಕೌಶಲವೆಂದು ಹೊಗಳುವವರುಂಟು. ಒಂದು ಸುತ್ತಿನ ಪರಿಚಯವು ಮರುಸುತ್ತಿಗೆ ಅಳಿದುಹೋಗುವಲ್ಲಿ ಆ ಕೌಶಲಕ್ಕೆ ಅರ್ಧ ಆಹಾರವೂ ದೊರೆಯದು. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಸೋತವನು ನಿಟ್ಟುಸಿರು ಬಿಟ್ಟು, ‘ಇನ್ನು ಸಾಕು’ ಎಂದುಕೊಳ್ಳಬಹುದಾಗಿದ್ದ ಆ ಬಿಡುವು. ವಿವೇಕವು ಮನಸ್ಸಿಗೆ ಬರುವುದು ಅಂಥ ಬಿಡುವಿನ ಬಾಗಿಲಿನಿಂದಲೇ.

2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಶಾಸನವು, ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ಹಣ ಒಡ್ಡಿ ಅಂತರ್ಜಾಲದಲ್ಲಿ ಆಡುವ ಆಟಗಳನ್ನೆಲ್ಲ ನಿಷೇಧಿಸಿತು. ಆದರೆ 1897ರಿಂದ ಇಂದಿನವರೆಗಿನ ಚರಿತ್ರೆಯನ್ನು ನೋಡಿದರೆ, ಒಂದು ಆಟ ಅಡಗಿದಲ್ಲಿ ಮತ್ತೊಂದು ತಲೆಯೆತ್ತಿದುದೇ ಕಾಣುತ್ತದೆ. ಆದುದರಿಂದ ಶಾಸನದ ಜೊತೆಗೆ ಮನೆಮನೆಯಲ್ಲಿ ಒಂದು ನಿಯಮವೂ ಬೇಕು. ಎಲೆಯನ್ನು ಕೆಳಗಿಟ್ಟು ಎದುರಿನವನ ಮುಖವನ್ನು ಒಮ್ಮೆ ನೋಡುವಷ್ಟು ಪುರಸತ್ತನ್ನೂ ಕೊಡದ ಆಟಕ್ಕೆ, ದುಡಿದು ತಂದ ಒಂದು ಕಾಸನ್ನೂ ಒಡ್ಡತಕ್ಕದ್ದಲ್ಲ.