ಕಣಿಯಿಂದ ದಿನಚರಿಗೆ: ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಟ್ಯಾರೋ

ಟ್ಯಾರೋ ಎಲೆಗಳನ್ನು ಮೇಜಿನ ಮೇಲೆ ಹರವಿ, ಪಕ್ಕದಲ್ಲೊಂದು ನೋಟ್‌ಬುಕ್ ತೆರೆದು, ಮುಂದಿನ ವರ್ಷ ಏನು ಮಾಡಬೇಕು, ಯಾವುದನ್ನು ಬಿಡಬೇಕು ಎಂದು ಬರೆದುಕೊಳ್ಳುವವರು ಇಂದು ಸಿಡ್ನಿ ಮತ್ತು ಮೆಲ್ಬರ್ನ್‌ಗಳಲ್ಲಿ ಧಾರಾಳವಾಗಿ ಸಿಗುತ್ತಾರೆ. ಎಲೆಯ ಪೆಟ್ಟಿಗೆ, ಬರೆಯುವ ಪುಸ್ತಕ ಎರಡೂ ಅಲ್ಲಿನ ಅಂಗಡಿಗಳಲ್ಲಿ ಅಕ್ಕಪಕ್ಕದಲ್ಲೇ ಕೂತಿರುತ್ತವೆ. ಆದರೆ ಇವು ಈ ಊರುಗಳಿಗೆ ಬಂದ ದಾರಿಗಳು ಬೇರೆ. ದುಡ್ಡು ಪಡೆದು ಎಲೆ ನೋಡಿ ಭವಿಷ್ಯ ಹೇಳುವುದು ಅಲ್ಲಿ ಬಹುಕಾಲ ಪೊಲೀಸ್ ಕೇಸಾಗುವ ಕೆಲಸವಾಗಿತ್ತು. ದಿನಚರಿ ಬರೆಯುವುದೋ ಓದುಬರಹ ಬಲ್ಲ ಮರ್ಯಾದಸ್ಥರ ಶಿಸ್ತಾಗಿತ್ತು.

ಟ್ಯಾರೋ ಹುಟ್ಟಿದ್ದು ಕಣಿ ಹೇಳುವುದಕ್ಕಲ್ಲ. 15ನೇ ಶತಮಾನದಲ್ಲಿ ಉತ್ತರ ಇಟಲಿಯ ಮಿಲಾನ್, ಫೆರಾರಾಗಳ ಅರಮನೆಗಳಲ್ಲಿ ಆಡುತ್ತಿದ್ದ ಇಸ್ಪೀಟಿನಂಥ ಆಟ ಅದು. 1781ರಲ್ಲಿ ಫ್ರಾನ್ಸಿನ ಕೂರ್ ದ ಜೆಬೆಲಾಂ ಈ ಎಲೆಗಳಲ್ಲಿ ಪ್ರಾಚೀನ ಈಜಿಪ್ಟಿನ ಜ್ಞಾನ ಅಡಗಿದೆ ಎಂದು ಬರೆದ. ಅದಕ್ಕೆ ಆಧಾರವೇನೂ ಇರಲಿಲ್ಲ, ಆದರೆ ಮಾತು ನಿಂತಿತು. ಕೆಲವೇ ವರ್ಷಗಳಲ್ಲಿ ಎತೇಲಾ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಪ್ಯಾರಿಸ್ಸಿನವನೊಬ್ಬ ಟ್ಯಾರೋದಿಂದ ಭವಿಷ್ಯ ನೋಡುವ ಕ್ರಮವನ್ನು ಅಚ್ಚು ಹಾಕಿಸಿದ. ಇಂದು ಹೆಚ್ಚು ಬಳಕೆಯಲ್ಲಿರುವ ಕಟ್ಟು ಬಂದದ್ದು 1909ರಲ್ಲಿ, ಲಂಡನ್ನಿನಲ್ಲಿ: ಆರ್ಥರ್ ಎಡ್ವರ್ಡ್ ವೇಟ್ ಯೋಜಿಸಿದ್ದು, ಪಮೇಲಾ ಕೋಲ್ಮನ್ ಸ್ಮಿತ್ ಬರೆದ ಚಿತ್ರಗಳು, ವಿಲಿಯಂ ರೈಡರ್ ಸಂಸ್ಥೆಯ ಪ್ರಕಟಣೆ. ಎಲೆಗಳು ಒಟ್ಟು 78. ಅದರಲ್ಲಿ 22 ದೊಡ್ಡವು, 56 ಚಿಕ್ಕವು.

ಆಸ್ಟ್ರೇಲಿಯಾದ ಹಳೆಯ ಕಣಿಗಾರರ ಕೈಯಲ್ಲಿ ಈ ಕಟ್ಟು ಇದ್ದದ್ದು ಅಪರೂಪ. ಅವರದು ಆಟೀನು, ಕಳಾವರಗಳ ಮಾಮೂಲು ಇಸ್ಪೀಟೆಲೆ, ಗಿರಾಕಿಯ ಅಂಗೈ, ಕುಡಿದಿಟ್ಟ ಕಪ್ಪಿನ ತಳದ ಚಹಾ ಗಸಿ, ಇಲ್ಲವೇ ತಲೆಬುರುಡೆಯ ಉಬ್ಬುತಗ್ಗು. ಮೆಲ್ಬರ್ನ್‌ನ ಬರ್ಕ್ ಸ್ಟ್ರೀಟಿನ ಈಸ್ಟರ್ನ್ ಮಾರ್ಕೆಟ್ ಇಂಥವರ ಅಡ್ಡೆಯಾಗಿತ್ತು. ಸಿಡ್ನಿಯಲ್ಲಿ ಅವರು ನಗರದ ನಡುವಿನ ಆರ್ಕೇಡುಗಳಲ್ಲಿ ಕೋಣೆ ಹಿಡಿಯುತ್ತಿದ್ದರು; 1898ರಲ್ಲಿ ತೆರೆದ ಕ್ವೀನ್ ವಿಕ್ಟೋರಿಯಾ ಮಾರ್ಕೆಟ್ ಕಟ್ಟಡದಲ್ಲೂ ದರ್ಜಿಗಳು, ಹೂವಿನವರ ಜತೆಗೆ ಕೈನೋಡುವವರು ಬಾಡಿಗೆಗೆ ಇದ್ದರು. ಗಂಡಸರು 'ಪ್ರೊಫೆಸರ್', ಹೆಂಗಸರು 'ಮೇಡಂ'. ಪೂರ್ವದೇಶದ ವಾಸನೆಯಿರುವ ಹೆಸರಾದರೆ ಬೆಲೆ ಇನ್ನೂ ಹೆಚ್ಚು. ಮೆಲ್ಬರ್ನ್‌ನಲ್ಲಿ ಮನೆಮಾತಾಗಿದ್ದ 'ಮೇಡಂ ಗೂರ್ಖಾ' ಅವರ ನಿಜವಾದ ಹೆಸರು ಜೂಲಿಯಾ ಗಿಬ್ಸನ್.

ಈ ಕಸುಬಿನಲ್ಲಿದ್ದವರಲ್ಲಿ ಹೆಂಗಸರೇ ಹೆಚ್ಚು. ಬಂಡವಾಳ ಬೇಡ, ಮನೆಯ ಮುಂದಿನ ಕೋಣೆ ಸಾಕು, ಮಕ್ಕಳನ್ನು ನೋಡಿಕೊಳ್ಳುತ್ತಲೇ ನಡೆಸಬಹುದು. ವಿಧವೆಯರಿಗೆ, ಗಂಡ ಬಿಟ್ಟುಹೋದವರಿಗೆ ಬೇರೆ ಸಂಪಾದನೆಯ ದಾರಿಗಳು ಕಡಿಮೆಯಿದ್ದ ಕಾಲವದು. ಆದರೆ ಕಾನೂನಿನ ಕಣ್ಣಲ್ಲಿ ಅವರು ತಿರುಕರ, ಪುಂಡರ ಸಾಲಿನವರು. ಬ್ರಿಟನ್ನಿನ 1824ರ ಅಲೆಮಾರಿ ಕಾಯ್ದೆ ಭವಿಷ್ಯ ಹೇಳುವುದಾಗಿ ಸೋಗು ಹಾಕುವವರನ್ನು ಶಿಕ್ಷಾರ್ಹರೆಂದು ಸಾರಿತ್ತು. ಅದೇ ಮಾತನ್ನು ವಸಾಹತುಗಳು ತಮ್ಮ ಕಾಯ್ದೆಗಳಿಗೂ ಎತ್ತಿಕೊಂಡವು. ಸಿಡ್ನಿಯಿರುವ ನ್ಯೂ ಸೌತ್ ವೇಲ್ಸ್‌ನಲ್ಲಿ ಅದು 1902ರ ಕಾಯ್ದೆಯಾಗಿ ಮುಂದುವರಿಯಿತು. ಮೆಲ್ಬರ್ನ್‌ ಇರುವ ವಿಕ್ಟೋರಿಯಾದಲ್ಲಿ 1966ರಲ್ಲಿ ಹೊಸದಾಗಿ ಬರೆದ ಕಾಯ್ದೆಯಲ್ಲೂ ಉಳಿಯಿತು.

ಅಪರಾಧ ಸಾಬೀತು ಮಾಡುವುದು ಮಾತ್ರ ಸುಲಭವಿರಲಿಲ್ಲ. ಮುಚ್ಚಿದ ಬಾಗಿಲ ಹಿಂದೆ ಇಬ್ಬರ ನಡುವೆ ಆದ ಮಾತಿಗೆ ಸಾಕ್ಷಿ ಯಾರು? ಪೊಲೀಸರು ಗಿರಾಕಿಯ ವೇಷದಲ್ಲಿ ಹೆಂಗಸರನ್ನೇ ಕಳಿಸತೊಡಗಿದರು. ಹಾಗೆ ಹೋದಾಕೆ ಕೆಲವು ಶಿಲಿಂಗ್ ಕೊಟ್ಟು, ಮದುವೆ ಯಾವಾಗ, ಕಡಲಾಚೆಯಿಂದ ಕಾಗದ ಬರುತ್ತದೆಯೇ ಎಂದು ಕೇಳಿ, ಬಂದ ಉತ್ತರವನ್ನು ನೆನಪಿಟ್ಟುಕೊಂಡು ಕೋರ್ಟಿನಲ್ಲಿ ಒಪ್ಪಿಸಬೇಕು. 1915ರಲ್ಲಿ ಸಿಡ್ನಿಯಲ್ಲಿ ಲಿಲಿಯನ್ ಆರ್ಮ್‌ಫೀಲ್ಡ್ ಮತ್ತು ಮಾಡ್ ರೋಡ್ಸ್ ಅಲ್ಲಿನ ಮೊದಲ ಮಹಿಳಾ ಪೊಲೀಸರಾಗಿ ನೇಮಕಗೊಂಡರು. ಅವರಿಗೆ ಸಮವಸ್ತ್ರವಿರಲಿಲ್ಲ, ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಕೇಳುವುದಿಲ್ಲವೆಂದು ಆರ್ಮ್‌ಫೀಲ್ಡ್ ಮೊದಲೇ ಬರೆದುಕೊಡಬೇಕಾಯಿತು. ಕಣಿಗಾರರನ್ನು ಹಿಡಿಯುವುದೂ ಅವರ ಪಾಲಿಗೆ ಬಂದ ಕೆಲಸಗಳಲ್ಲಿ ಒಂದು. ಹೆಂಗಸರಿಗೆ ಪೊಲೀಸ್ ಇಲಾಖೆಯ ಬಾಗಿಲು ತೆರೆದ ಕೆಲಸಗಳಲ್ಲೊಂದು, ಇನ್ನಷ್ಟು ಹೆಂಗಸರ ಹೊಟ್ಟೆಪಾಡಿಗೆ ಕಲ್ಲು ಹಾಕುವುದೇ ಆಗಿತ್ತು.

ಆ ವರ್ಷಗಳಲ್ಲಿ ಕಸುಬಿಗೆ ಬಿಡುವಿರಲಿಲ್ಲ. ಮೊದಲ ಮಹಾಯುದ್ಧಕ್ಕೆ ಹೋದ ಮಗ, ಗಂಡ ಬದುಕಿದ್ದಾನೋ ಇಲ್ಲವೋ ಎಂದು ಕೇಳಲು ಹೆಂಗಸರು ಬರುತ್ತಿದ್ದರು. ಆತಂಕದಲ್ಲಿರುವವರ ದುಡ್ಡು ಕೀಳುತ್ತಾರೆಂದು ಪತ್ರಿಕೆಗಳು ಬೈದವು, ದಾಳಿಗಳು ಹೆಚ್ಚಿದವು. ಸಿಕ್ಕಿಬಿದ್ದವರಿಗೆ ಸಾಮಾನ್ಯವಾಗಿ ದಂಡ ಬೀಳುತ್ತಿತ್ತು. ಕಟ್ಟಿ ಬಂದು ಮತ್ತೆ ಬೋರ್ಡು ಹಾಕುತ್ತಿದ್ದರು.

ಕೋರ್ಟಿನಲ್ಲಿ ಅವರ ಮಾಮೂಲು ವಾದವೊಂದಿತ್ತು: ತಾವು ಭವಿಷ್ಯ ಹೇಳಿಲ್ಲ, ಅಂಗೈ ಅಥವಾ ತಲೆಬುರುಡೆ ನೋಡಿ ಗಿರಾಕಿಯ ಗುಣಸ್ವಭಾವ ಹೇಳಿ, ಯಾವ ಕೆಲಸ ಒಗ್ಗುತ್ತದೆಂದು ಸಲಹೆ ಕೊಟ್ಟೆವು, ಅಷ್ಟೇ. ಮ್ಯಾಜಿಸ್ಟ್ರೇಟರಿಗೆ ಇದು ನುಣುಚಿಕೊಳ್ಳುವ ಉಪಾಯವಾಗಿಯೇ ಕಂಡಿರಬೇಕು. ಆದರೂ ಮುಂದಿನದು ತಿಳಿಯಲು ಅಲ್ಲ, ತನ್ನನ್ನು ತಾನು ತಿಳಿಯಲು ಎಂಬ ಇಂದಿನ ಟ್ಯಾರೋ ಮಾತನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಹೋಲಿಕೆ ಎದ್ದು ಕಾಣುತ್ತದೆ. ಕಟಕಟೆಯಲ್ಲಿ ನಿಂತವರ ಸಮರ್ಥನೆ ಮುಂದೆ ಕಸುಬಿನ ಘೋಷವಾಕ್ಯವಾಯಿತು ಎನ್ನಬಹುದು.

ಬರೆಯುವ ಪುಸ್ತಕದ ಕಡೆಯ ಕಥೆಗೆ ಆಲ್ಫ್ರೆಡ್ ಡೀಕಿನ್ ಅವರಿಗಿಂತ ಒಳ್ಳೆಯ ಉದಾಹರಣೆ ಸಿಗದು. 1856ರಲ್ಲಿ ಮೆಲ್ಬರ್ನ್‌ನಲ್ಲಿ ಹುಟ್ಟಿದ ಡೀಕಿನ್ 1903ರಿಂದ 1910ರ ನಡುವೆ ಮೂರು ಬಾರಿ ಆಸ್ಟ್ರೇಲಿಯಾದ ಪ್ರಧಾನಿಯಾದವರು. ಅದಕ್ಕೆ ಮೊದಲು, ಇಪ್ಪತ್ತರ ಹರೆಯದಲ್ಲಿ, ಅವರು ಮೆಲ್ಬರ್ನ್‌ನ ಪ್ರೇತಾವಾಹನ ಕೂಟಗಳ ಉತ್ಸಾಹಿ ಸದಸ್ಯ. ವಿಲಿಯಂ ಟೆರ್ರಿ 1870ರಲ್ಲಿ ಆರಂಭಿಸಿದ 'ಹಾರ್ಬಿಂಜರ್ ಆಫ್ ಲೈಟ್' ಪತ್ರಿಕೆಯ ಸುತ್ತ ಆ ಬಳಗ ಬೆಳೆದಿತ್ತು. 1877ರಲ್ಲಿ ಡೀಕಿನ್ ಪ್ರಕಟಿಸಿದ ಪುಸ್ತಕವೊಂದನ್ನು, ಎಂದೋ ಸತ್ತಿದ್ದ ಇಂಗ್ಲಿಷ್ ಲೇಖಕ ಜಾನ್ ಬನ್ಯನ್ ತಮ್ಮ ಕೈಯಿಂದ ಬರೆಸಿದ್ದೆಂದು ಹೇಳಿಕೊಂಡಿದ್ದರು. ಮೈಮೇಲೆ ಬಂದವರು ತಮ್ಮ ಬಗ್ಗೆ ನುಡಿದ ಭವಿಷ್ಯಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಯಾವುದು ನಿಜವಾಯಿತು, ಯಾವುದು ಹುಸಿಯಾಯಿತು ಎಂದು ವರ್ಷಗಳ ಮೇಲೆ ತಿರುಗಿ ನೋಡುತ್ತಿದ್ದರು. 1884ರಿಂದ ಪ್ರತ್ಯೇಕ ಪುಸ್ತಕದಲ್ಲಿ ಪ್ರಾರ್ಥನೆಗಳನ್ನು ಬರೆಯತೊಡಗಿದರು: ರಾಜಕೀಯದಲ್ಲಿ ಇರಲೇ, ಬಿಡಲೇ, ತನ್ನ ಕರ್ತವ್ಯವೇನು ಎಂಬ ಪ್ರಶ್ನೆಗಳು ಅವುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಊರ ಹೊರವಲಯದ ಕಣಿಗಾರ್ತಿಗೆ ದಂಡ ಬಿದ್ದ ಕೆಲಸ ಪ್ರಧಾನಿಯ ಓದುವ ಕೋಣೆಯಲ್ಲಿ ಆತ್ಮಚಿಂತನೆ ಎನಿಸಿಕೊಂಡಿತು. ಕೊನೆಯ ವರ್ಷಗಳಲ್ಲಿ ನೆನಪು ಕಳಚತೊಡಗಿದಾಗ, ಅದು ಹೇಗೆ ಕಳಚುತ್ತಿದೆ ಎಂಬುದನ್ನೂ ಡೀಕಿನ್ ಅದೇ ಬಗೆಯ ಪುಸ್ತಕಗಳಲ್ಲಿ ದಾಖಲಿಸಿದರು. 1919ರಲ್ಲಿ ತೀರಿಕೊಂಡರು. ಆ ನೋಟ್‌ಬುಕ್ಕುಗಳು ಈಗ ಕ್ಯಾನ್‌ಬೆರಾದ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ.

ಡೀಕಿನ್ 1890ರ ಕೊನೆಗೆ ನೀರಾವರಿ ನೋಡಲು ಭಾರತಕ್ಕೂ ಬಂದು ಹೋದವರು. ಕೆಲಕಾಲ ಥಿಯಾಸಾಫಿಕಲ್ ಸೊಸೈಟಿಯಲ್ಲೂ ಇದ್ದರು. ಚೆನ್ನೈನ ಅಡ್ಯಾರಿನಲ್ಲಿ ಕೇಂದ್ರವಿರುವ ಆ ಸೊಸೈಟಿ ಎರಡೂ ನಗರಗಳಲ್ಲಿ ಬೇರೂರಿತು. 1920ರ ದಶಕದಲ್ಲಿ ಸಿಡ್ನಿಯ ಬಾಲ್ಮೋರಲ್ ಕಡಲತೀರದಲ್ಲಿ ಅದರ ಅನುಯಾಯಿಗಳು ದೊಡ್ಡ ಬಯಲು ರಂಗಮಂದಿರವನ್ನೇ ಕಟ್ಟಿದರು. ಅದನ್ನು 1951ರಲ್ಲಿ ಕೆಡವಲಾಯಿತು. ಹೆಚ್ಚು ಕಾಲ ಬಾಳಿದ್ದು ಪುಸ್ತಕದಂಗಡಿಗಳು: ಸಿಡ್ನಿಯಲ್ಲಿ ಅಡ್ಯಾರ್ ಬುಕ್‌ಶಾಪ್, ಮೆಲ್ಬರ್ನ್‌ನ ರಸೆಲ್ ಸ್ಟ್ರೀಟಿನಲ್ಲಿ ಸೊಸೈಟಿಯದೇ ಅಂಗಡಿ. ಯೋಗ, ಜಾತಕ, ಧ್ಯಾನ, ಗೂಢವಿದ್ಯೆಗಳ ಪುಸ್ತಕ ಬೇಕಾದವರು ಹೋಗುತ್ತಿದ್ದದ್ದು ಇಂಥ ಕಡೆಗೆ.

ಎಲೆ ಮತ್ತು ಪುಸ್ತಕ ಕೂಡಿಬಂದದ್ದು 1970ರ ನಂತರ. ಅಮೆರಿಕದಲ್ಲಿ ವೇಟ್–ಸ್ಮಿತ್ ಕಟ್ಟು ದೊಡ್ಡ ಪ್ರಮಾಣದಲ್ಲಿ ಮರುಮುದ್ರಣವಾಗಿ ಎಲ್ಲೆಡೆ ಸಿಗತೊಡಗಿತು. ಯೂಂಗ್‌ನ ಮನಶ್ಶಾಸ್ತ್ರ ಓದಿದವರು ಅದನ್ನು ಮನಸ್ಸಿನ ಕನ್ನಡಿಯೆಂದರು. 1984ರಲ್ಲಿ ಬಂದ ಮೇರಿ ಗ್ರಿಯರ್ ಅವರ 'ಟ್ಯಾರೋ ಫಾರ್ ಯುವರ್‌ಸೆಲ್ಫ್' ಓದುಗರಿಗೆ ಬೇರೆಯವರ ಭವಿಷ್ಯ ಹೇಳಲು ಕಲಿಸಲಿಲ್ಲ. ತಮ್ಮ ಎಲೆಯನ್ನು ತಾವೇ ತೆಗೆದು, ಕಂಡದ್ದನ್ನು ಬರೆಯಲು ಕಲಿಸಿತು.

ಈ ಅಭ್ಯಾಸಕ್ಕೆ ಸ್ಮಿತ್ ಅವರ ಚಿತ್ರಗಳು ಹೇಳಿ ಮಾಡಿಸಿದಂತಿವೆ. ಹಳೆಯ ಕಟ್ಟುಗಳ ಚಿಕ್ಕ ಎಲೆಗಳಲ್ಲಿ ಸಾಮಾನ್ಯವಾಗಿ ಎಂಟು ನಾಣ್ಯ, ಐದು ಕತ್ತಿ ಎಂದು ಗುರುತುಗಳಷ್ಟೇ ಇರುತ್ತಿದ್ದವು. ಸ್ಮಿತ್ ಪ್ರತಿಯೊಂದಕ್ಕೂ ಒಂದು ದೃಶ್ಯ ಬರೆದರು. ನಾಣ್ಯದ ಎಂಟರಲ್ಲಿ ಯುವಕನೊಬ್ಬ ಬೆಂಚಿನ ಮೇಲೆ ಕೂತು ಸುತ್ತಿಗೆ ಹಿಡಿದು ಬಿಲ್ಲೆಯೊಂದನ್ನು ಕೆತ್ತುತ್ತಿದ್ದಾನೆ, ಮುಗಿಸಿದವು ಪಕ್ಕದ ಕಂಬದಲ್ಲಿ ತೂಗುತ್ತಿವೆ, ಊರು ದೂರದಲ್ಲಿದೆ. ನಮ್ಮ ಗಿಣಿಶಾಸ್ತ್ರದ ಚೀಟಿಯ ಚಿತ್ರ ಹೇಳುವವನ ಬಾಯಿ ತೆರೆಸಿದರೆ, ಇಲ್ಲಿನ ಚಿತ್ರ ನೋಡುವವರ ಕೈಗೆ ಪೆನ್ನು ಕೊಡುತ್ತದೆ: ಯಾವ ಕೆಲಸ ಕಲಿಯುತ್ತಿದ್ದೇನೆ, ಎಷ್ಟು ಮುಗಿದಿದೆ, ಯಾರಿಂದ ದೂರ ಕೂತಿದ್ದೇನೆ? 'ಹಿಂದೆ, ಈಗ, ಮುಂದೆ' ಎಂದಿದ್ದ ಮೂರೆಲೆಯ ಕ್ರಮವೂ 'ಎಲ್ಲಿದ್ದೇನೆ, ಅಡ್ಡಿ ಯಾವುದು, ಮುಂದಿನ ಹೆಜ್ಜೆ ಏನು' ಎಂದು ಬದಲಾಯಿತು. ಎಲೆಗೆ ಮುಂದಿನದು ತಿಳಿದಿರಬೇಕಾದ ಅಗತ್ಯವೇ ಇಲ್ಲದ್ದರಿಂದ ನಂಬದವರೂ ಇದನ್ನು ಮಾಡಬಹುದು. ಈ ಅಭ್ಯಾಸ ಹರಡಿದ್ದಕ್ಕೆ ಇದೂ ಒಂದು ಕಾರಣವಿರಬೇಕು.

ಸ್ಟೇಷನರಿ ವ್ಯಾಪಾರವೂ ಜತೆಗೂಡಿತು. 2001ರಲ್ಲಿ ಸ್ವೀಡನ್ ಮೂಲದ ಕ್ರಿಸ್ಟಿನಾ ಕಾರ್ಲ್‌ಸನ್ ಮೆಲ್ಬರ್ನ್‌ನಲ್ಲಿ ಆರಂಭಿಸಿದ ಕಿಕಿ.ಕೆ ಎಂಬ ಸಂಸ್ಥೆ ಗುರಿ, ಕನಸುಗಳನ್ನು ಬರೆದಿಡುವ ಅಂದವಾದ ಪುಸ್ತಕಗಳನ್ನು ಮಾರಿತು. ಮೆಲ್ಬರ್ನ್‌ನ ಬ್ಲೂ ಏಂಜಲ್, ಸಿಡ್ನಿಯ ರಾಕ್‌ಪೂಲ್ ಪ್ರಕಾಶನಗಳು ಎಲೆಯ ಕಟ್ಟುಗಳನ್ನು ಅಲ್ಲೇ ರೂಪಿಸಿ ಹೊರದೇಶಗಳಿಗೂ ಕಳಿಸತೊಡಗಿದವು. ಸಂಕಲ್ಪ ಬರೆಯುವ ಹೊತ್ತು ಮಾತ್ರ ಆ ನೆಲದ್ದೇ: ಜನವರಿ ಅಲ್ಲಿ ಬೇಸಿಗೆ ರಜೆ, ಜುಲೈ 1 ಹಣಕಾಸು ವರ್ಷದ ಮೊದಲ ದಿನ, ಡೈರಿಗಳೂ ಎರಡೂ ಲೆಕ್ಕದಲ್ಲಿ ಸಿಗುತ್ತವೆ.

ಕಾನೂನು ಕೊನೆಗೆ ಹಿಂದೆ ಸರಿಯಿತು. ನ್ಯೂ ಸೌತ್ ವೇಲ್ಸ್ 1902ರ ಕಾಯ್ದೆಯನ್ನು 1970ರಲ್ಲಿ ತೆಗೆಯಿತು. ಅದರ ಜಾಗಕ್ಕೆ ಬಂದ ಕಾಯ್ದೆಯೂ 1979ರಲ್ಲಿ ಹೋಯಿತು. ವಿಕ್ಟೋರಿಯಾದ ಅಲೆಮಾರಿ ಕಾಯ್ದೆ ರದ್ದಾದದ್ದು 2005ರಲ್ಲಿ. ಅಷ್ಟರಲ್ಲಿ ಅದನ್ನು ಲೆಕ್ಕಕ್ಕಿಟ್ಟವರು ಕಡಿಮೆ. ಈಗ ಟ್ಯಾರೋ ನೋಡುವವರು ಉಳಿದ ವ್ಯಾಪಾರಿಗಳಂತೆ 2011ರಲ್ಲಿ ಜಾರಿಗೆ ಬಂದ ಗ್ರಾಹಕ ಕಾನೂನಿಗೆ ಒಳಪಟ್ಟವರು: ಗಿರಾಕಿಯನ್ನು ದಾರಿ ತಪ್ಪಿಸುವ ಮಾತಾಡಕೂಡದು. ಶಾಪ ತೆಗೆಯುತ್ತೇನೆ, ದೋಷ ಕಳೆಯುತ್ತೇನೆ ಎಂದು ದುಡ್ಡು ಕೀಳುವವರ ಬಗ್ಗೆ ಗ್ರಾಹಕ ಆಯೋಗ ಎಚ್ಚರಿಕೆ ಕೊಟ್ಟಿದೆ.