ಇಲ್ಲದ ಮನೆಯ ವಿಳಾಸ ಹಿಡಿದು ನಡೆದವರು

ಪತ್ರಿಕೋದ್ಯಮ ಡಿಪ್ಲೊಮಾದಲ್ಲಿ ನಮಗೆ ಕಲಿಸಿದ ಮೊದಲ ಪಾಠ ಹೆಸರು ಮತ್ತು ವಿಳಾಸ. ಊರಿನ ಹೆಸರು ತಪ್ಪಿದರೆ, ಇನಿಷಿಯಲ್ ಅದಲು ಬದಲಾದರೆ ಬೆಳಗ್ಗೆ ಆರು ಗಂಟೆಗೇ ಫೋನು ಬರುತ್ತದೆ. ಜಿಲ್ಲೆಯಿಂದ ಸುದ್ದಿ ಕಳಿಸುವ ನಮ್ಮಂಥವರಿಗೆ ಈ ಭಯ ಇವತ್ತಿಗೂ ಹೋಗಿಲ್ಲ. ಹಾಗಾಗಿಯೇ ಲಂಡನ್ನಿನ ಒಂದು ವಿಳಾಸದ ಕಥೆ ನಮ್ಮನ್ನು ಹಿಡಿದು ನಿಲ್ಲಿಸಿತು. ಬರೆದ ದಿನ ಆ ವಿಳಾಸ ಇರಲಿಲ್ಲ. ಅಲ್ಲಿದ್ದ ಮನುಷ್ಯನೂ ಇರಲಿಲ್ಲ. ಆದರೂ ಇಂದು ಲೋಕದ ಮೂಲೆ ಮೂಲೆಯಿಂದ ಜನ ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಛತ್ರಿ ಎತ್ತಿ ಹಿಡಿದ ಗೈಡ್‌ನ ಹಿಂದೆ ಎರಡು ಗಂಟೆ ನಡೆದು, ಒಂದು ಕಾಲ್ಪನಿಕ ಬದುಕಿನ ಗುರುತುಗಳನ್ನು ನಿಜವಾದ ಬೀದಿಗಳಲ್ಲಿ ನೋಡಿ ಬರುತ್ತಾರೆ.

ಆ ವಿಳಾಸ 221ಬಿ, ಬೇಕರ್ ಸ್ಟ್ರೀಟ್. ಆ ಮನುಷ್ಯ ಷರ್ಲಾಕ್ ಹೋಮ್ಸ್.

ನಾವು ಲಂಡನ್ ನೋಡಿದವರಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆಗೆ ತಂದು ಓದುತ್ತಿದ್ದ ಮನೆಗಳಲ್ಲಿ ಬೆಳೆದವರು. ಹೋಮ್ಸ್ ನಮಗೆ ಸಿಕ್ಕಿದ್ದು ಆಮೇಲೆ. ಆದರೆ ಹೋಮ್ಸ್‌ನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ ಕೂಡ ಮೊದಲ ಕಥೆಗಳನ್ನು ಬರೆಯುವಾಗ ಲಂಡನ್ನಿನವರಾಗಿರಲಿಲ್ಲ ಎಂದು ತಿಳಿದಾಗ ಸಮಾಧಾನವಾಯಿತು. 1859ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿ, ಅಲ್ಲೇ ವೈದ್ಯಕೀಯ ಓದಿ, ದಕ್ಷಿಣ ಕರಾವಳಿಯ ಸೌತ್‌ಸೀಯಲ್ಲಿ ದವಾಖಾನೆ ಇಟ್ಟುಕೊಂಡಿದ್ದವರು ಅವರು. 1887ರಲ್ಲಿ ಒಂದು ಕ್ರಿಸ್‌ಮಸ್ ಸಂಚಿಕೆಯಲ್ಲಿ ಬಂದ 'ಎ ಸ್ಟಡಿ ಇನ್ ಸ್ಕಾರ್ಲೆಟ್' ಕಾದಂಬರಿಯ ಹಕ್ಕನ್ನು ಕೇವಲ 25 ಪೌಂಡಿಗೆ ಮಾರಿಬಿಟ್ಟಿದ್ದರು. ಎರಡನೆಯ ಕಾದಂಬರಿ 'ದ ಸೈನ್ ಆಫ್ ಫೋರ್'ನಲ್ಲಿ ಕುದುರೆಗಾಡಿ ಯಾವ ಬೀದಿಯಿಂದ ಯಾವ ಬೀದಿಗೆ ತಿರುಗಿತು ಎಂಬುದನ್ನೆಲ್ಲ ಹೋಮ್ಸ್ ಕತ್ತಲಲ್ಲೇ ಹೇಳುತ್ತಾನೆ. ಆ ಜ್ಞಾನವೆಲ್ಲ ಅಂಚೆ ಇಲಾಖೆಯ ನಕ್ಷೆ ನೋಡಿ ಬರೆದದ್ದೆಂದು ಡಾಯ್ಲ್ ತಮ್ಮ ಸಂಪಾದಕರಿಗೆ ತಮಾಷೆಯಾಗಿ ಒಪ್ಪಿಕೊಂಡಿದ್ದರು. ಇಂದು ಪ್ರವಾಸಿಗರು ನಡೆಯುವ ಹೋಮ್ಸ್‌ನ ಲಂಡನ್ನು ಅರ್ಧ ಆ ನಕ್ಷೆಯಿಂದಲೇ ಹುಟ್ಟಿದ್ದು.

ವಿಳಾಸವೂ ಹಾಗೆಯೇ. ಕಥೆ ಬರೆದ ಕಾಲಕ್ಕೆ ಬೇಕರ್ ಸ್ಟ್ರೀಟಿನ ಮನೆ ನಂಬರುಗಳು 221ರವರೆಗೆ ಹೋಗುತ್ತಿರಲಿಲ್ಲ. ತೊಂದರೆಯಾಗದಿರಲೆಂದು ಲೇಖಕರು ಇಲ್ಲದ ನಂಬರು ಕೊಟ್ಟರು ಎನ್ನೋಣ. ಮುಂದೆ 1930ರ ಸುಮಾರಿಗೆ ಅಕ್ಕಪಕ್ಕದ ರಸ್ತೆಗಳನ್ನು ಬೇಕರ್ ಸ್ಟ್ರೀಟಿಗೆ ಸೇರಿಸಿ ಹೊಸದಾಗಿ ನಂಬರು ಹಾಕಿದರು. 221 ಎಂಬ ಸಂಖ್ಯೆ ಹೋಗಿ ಬಿದ್ದದ್ದು ಅಬ್ಬೆ ರೋಡ್ ಬಿಲ್ಡಿಂಗ್ ಸೊಸೈಟಿಯ ದೊಡ್ಡ ಕಟ್ಟಡದ ಪಾಲಿಗೆ. ಮನೆ ಕಟ್ಟಲು ಸಾಲ ಕೊಡುವ ಸಂಸ್ಥೆ ಅದು. ಅಲ್ಲಿಗೆ ಹೋಮ್ಸ್ ಹೆಸರಿನಲ್ಲಿ ಕಾಗದಗಳು ಬರತೊಡಗಿದವು. ಕಳೆದದ್ದನ್ನು ಹುಡುಕಿಕೊಡಿ ಎನ್ನುವವರು, ಸಲಹೆ ಕೇಳುವವರು, ಹುಟ್ಟುಹಬ್ಬಕ್ಕೆ ಶುಭ ಕೋರುವವರು. ಸಂಸ್ಥೆಯವರು ಅವನ್ನು ಕಸಕ್ಕೆ ಹಾಕಲಿಲ್ಲ. ಉತ್ತರ ಬರೆಯಲೆಂದೇ 'ಹೋಮ್ಸ್ ಅವರ ಕಾರ್ಯದರ್ಶಿ' ಎಂದು ಒಬ್ಬರನ್ನು ನೇಮಿಸಿದರು. ಹೋಮ್ಸ್ ನಿವೃತ್ತರಾಗಿ ಸಸೆಕ್ಸ್‌ನಲ್ಲಿ ಜೇನು ಸಾಕುತ್ತಿದ್ದಾರೆ ಎಂಬಂಥ ಉತ್ತರಗಳು ಹೋಗುತ್ತಿದ್ದವು. ಕಥೆಗಳಲ್ಲೂ ಹೋಮ್ಸ್ ಕೊನೆಗೆ ಮಾಡುವುದು ಅದನ್ನೇ.

1951ರಲ್ಲಿ 'ಫೆಸ್ಟಿವಲ್ ಆಫ್ ಬ್ರಿಟನ್' ಉತ್ಸವ ನಡೆಯಿತು. ಯುದ್ಧದಿಂದ ಸೊರಗಿದ್ದ ದೇಶಕ್ಕೆ ಹುರುಪು ತುಂಬುವ ಉತ್ಸವ. ಅದರ ಅಂಗವಾಗಿ ಇದೇ ಕಟ್ಟಡದಲ್ಲಿ ಹೋಮ್ಸ್‌ನ ಬೈಠಕ್ ಕೋಣೆಯನ್ನು ಮರುಸೃಷ್ಟಿಸಿ ಪ್ರದರ್ಶನಕ್ಕಿಟ್ಟರು. ಅದೇ ವರ್ಷ ಲಂಡನ್ನಿನ ಷರ್ಲಾಕ್ ಹೋಮ್ಸ್ ಸೊಸೈಟಿಯೂ ಹುಟ್ಟಿತು. ಆ ಕೋಣೆಯ ಸಾಮಾನುಗಳು 1957ರಲ್ಲಿ ಚಾರಿಂಗ್ ಕ್ರಾಸ್ ಬಳಿಯ ನಾರ್ತಂಬರ್‌ಲ್ಯಾಂಡ್ ಸ್ಟ್ರೀಟಿನ ಒಂದು ಪಬ್ಬಿನ ಮಹಡಿ ಸೇರಿದವು. ಪಬ್ಬಿನ ಹೆಸರೇ 'ಷರ್ಲಾಕ್ ಹೋಮ್ಸ್' ಆಯಿತು. 1990ರಲ್ಲಿ ಬೇಕರ್ ಸ್ಟ್ರೀಟಿನಲ್ಲೇ ಮ್ಯೂಸಿಯಂ ತೆರೆಯಿತು. ಅದರ ಬಾಗಿಲ ಮೇಲೆ 221ಬಿ ಎಂದಿದ್ದರೂ, ಕಟ್ಟಡ ಇರುವುದು 237 ಮತ್ತು 241ರ ನಡುವೆ. ಬರುವ ಕಾಗದಗಳು ಯಾರಿಗೆ ಸೇರಬೇಕೆಂದು ಸಾಲ ಸಂಸ್ಥೆಗೂ ಮ್ಯೂಸಿಯಂಗೂ ವರ್ಷಗಟ್ಟಲೆ ತಕರಾರು ನಡೆಯಿತು. ಇಲ್ಲದವನ ಟಪಾಲಿಗೆ ಇಬ್ಬರು ವಾರಸುದಾರರು. 1999ರಲ್ಲಿ ಬೇಕರ್ ಸ್ಟ್ರೀಟ್ ಮೆಟ್ರೊ ನಿಲ್ದಾಣದ ಹೊರಗೆ ಶಿಲ್ಪಿ ಜಾನ್ ಡಬಲ್‌ಡೇ ಮಾಡಿದ ಹೋಮ್ಸ್‌ನ ಕಂಚಿನ ಪ್ರತಿಮೆ ನಿಂತಿತು. ನಿಲ್ದಾಣವೇನೂ ಕಾಲ್ಪನಿಕವಲ್ಲ. 1863ರ ಜನವರಿ 10ರಂದು ಶುರುವಾದ ಜಗತ್ತಿನ ಮೊದಲ ನೆಲದಡಿಯ ರೈಲಿನ ನಿಲ್ದಾಣಗಳಲ್ಲಿ ಅದೂ ಒಂದು.

ಈ ನಡಿಗೆಗಳ ಸೊಗಸು ಇರುವುದೇ ನಿಜ ಮತ್ತು ಕಲ್ಪನೆ ಹೀಗೆ ಹೊಸೆದುಕೊಂಡಿರುವುದರಲ್ಲಿ. ಪಿಕಾಡಿಲಿ ಸರ್ಕಸ್‌ನ ಕ್ರೈಟೀರಿಯನ್‌ನಲ್ಲಿ ಡಾಕ್ಟರ್ ವಾಟ್ಸನ್‌ಗೆ ಹಳೆಯ ಪರಿಚಯದವನೊಬ್ಬ ಸಿಗುತ್ತಾನೆ, ಹೋಮ್ಸ್‌ನ ವಿಷಯ ಹೇಳುತ್ತಾನೆ. ಇಬ್ಬರ ಮೊದಲ ಭೇಟಿ ಸೇಂಟ್ ಬಾರ್ತೊಲೊಮ್ಯೂ ಆಸ್ಪತ್ರೆಯ ಪ್ರಯೋಗಾಲಯದಲ್ಲಿ. 1123ರಲ್ಲಿ ಸ್ಥಾಪನೆಯಾದ ಆ ಆಸ್ಪತ್ರೆ ಇವತ್ತಿಗೂ ನಡೆಯುತ್ತಿದೆ, ಎಂದೂ ನಡೆಯದ ಆ ಭೇಟಿಯ ನೆನಪಿಗೆ ಅಲ್ಲಿ ಫಲಕವೂ ಇದೆ. 2012ರಲ್ಲಿ ಬಿಬಿಸಿ ಧಾರಾವಾಹಿಯಲ್ಲಿ ಹೋಮ್ಸ್ ಇದೇ ಆಸ್ಪತ್ರೆಯ ಮಾಳಿಗೆಯಿಂದ ಜಿಗಿದ ಮೇಲೆ ಅಭಿಮಾನಿಗಳು ಹತ್ತಿರದ ಟೆಲಿಫೋನ್ ಬೂತಿಗೆ ಚೀಟಿ ಅಂಟಿಸತೊಡಗಿದರು. ಕೋವೆಂಟ್ ಗಾರ್ಡನ್ ಮಾರುಕಟ್ಟೆಯಲ್ಲಿ ಹೆಬ್ಬಾತು ಮಾರುವವನ ಅಂಗಡಿ ಇದ್ದದ್ದು 'ಬ್ಲೂ ಕಾರ್ಬಂಕಲ್' ಕಥೆಯಲ್ಲಿ. ಅಲ್ಲೇ ಪಕ್ಕದ ಸೌತಾಂಪ್ಟನ್ ಸ್ಟ್ರೀಟಿನಲ್ಲಿ ಇದ್ದದ್ದು ನಿಜವಾದ 'ಸ್ಟ್ರ್ಯಾಂಡ್' ಮಾಸಪತ್ರಿಕೆಯ ಕಚೇರಿ. 1891ರ ಜುಲೈಯಿಂದ ಸಣ್ಣಕಥೆಗಳು ಅದರಲ್ಲೇ ಬಂದವು, ಹೋಮ್ಸ್ ಮನೆಮಾತಾದ. 1893ರ ಡಿಸೆಂಬರಿನಲ್ಲಿ ಡಾಯ್ಲ್ ಅವನನ್ನು ಸ್ವಿಟ್ಜರ್‌ಲೆಂಡಿನ ಜಲಪಾತದಲ್ಲಿ ಕೊಂದು ಕೈತೊಳೆದುಕೊಂಡರೂ ಓದುಗರು ಬಿಡಲಿಲ್ಲ, ಹತ್ತು ವರ್ಷಗಳಾಗುವ ಹೊತ್ತಿಗೆ ಅವನು ಬದುಕಿ ಬಂದ. ಒಟ್ಟು ನಾಲ್ಕು ಕಾದಂಬರಿ, 56 ಕಥೆ.

ದಾರಿಯಲ್ಲಿ ನಮ್ಮ ದೇಶವೂ ಸಿಗುತ್ತದೆ. ಲೈಸಿಯಂ ಥಿಯೇಟರಿನ ಕಂಬದ ಬಳಿ ಕಾಯಬೇಕೆಂದು 'ದ ಸೈನ್ ಆಫ್ ಫೋರ್'ನ ಮೇರಿ ಮಾರ್ಸ್ಟನ್‌ಗೆ ಕಾಗದ ಬರುತ್ತದೆ. ಆ ಕಂಬಗಳು ಇಂದಿಗೂ ಇವೆ. ಅಲ್ಲಿಂದ ಹೊರಟ ಕಥೆ 1857ರ ಆಗ್ರಾ ಕೋಟೆಗೂ, ಅಲ್ಲಿಂದ ಅಂಡಮಾನಿನ ಜೈಲಿಗೂ ಹೋಗುತ್ತದೆ. ಒಬ್ಬ ರಾಜನ ಒಡವೆ, ಅದಕ್ಕಾಗಿ ಒಂದು ಕೊಲೆ, ಕೊನೆಗೆ ಅದೆಲ್ಲ ಥೇಮ್ಸ್ ನದಿಯ ಪಾಲು. ಅಂಡಮಾನಿನ ಮೂಲನಿವಾಸಿಯನ್ನು ಮನುಷ್ಯನೆಂದೇ ಬಗೆಯದೆ ಬರೆದ ಪುಟಗಳೂ ಅದರಲ್ಲಿವೆ. ಓದುವಾಗ ನಾವು ಯಾರ ಪಕ್ಷದಲ್ಲಿ ಕೂತಿದ್ದೇವೆ ಎಂದು ಒಂದು ಕ್ಷಣ ಅನುಮಾನವಾಗುತ್ತದೆ.

ಇಷ್ಟಾದರೂ ಹೋಮ್ಸ್ ನಡಿಗೆಯಿಂದ ಯಾರ ಮನಸ್ಸಿಗೂ ಗಾಯವಾಗುವುದಿಲ್ಲ, ಸತ್ತವರೆಲ್ಲ ಕಾಗದದ ಮೇಲಿನವರು. ಅದೇ ಲಂಡನ್ನಿನ ಪೂರ್ವ ಭಾಗದಲ್ಲಿ, ವೈಟ್‌ಚಾಪೆಲ್‌ನಲ್ಲಿ, ಸಂಜೆಯಾದರೆ ಬೇರೆ ನಡಿಗೆಗಳು ಹೊರಡುತ್ತವೆ. 1888ರಲ್ಲಿ 'ಜ್ಯಾಕ್ ದ ರಿಪ್ಪರ್' ಎಂದು ಹೆಸರಾದ, ಕೊನೆಗೂ ಸಿಗದ ಕೊಲೆಗಾರನ ಹೆಸರಿನವು. ಮೇರಿ ಆನ್ ನಿಕಲ್ಸ್, ಆ್ಯನಿ ಚಾಪ್‌ಮನ್, ಎಲಿಜಬೆತ್ ಸ್ಟ್ರೈಡ್, ಕ್ಯಾಥರೀನ್ ಎಡ್ಡೋಸ್, ಮೇರಿ ಜೇನ್ ಕೆಲ್ಲಿ. ಈ ಐವರು ಬಡ ಹೆಂಗಸರು ಬಿದ್ದ ಜಾಗಗಳೇ ಅಲ್ಲಿಯ ನಿಲುಗಡೆ. 2015ರಲ್ಲಿ ಅಲ್ಲೊಂದು ಮ್ಯೂಸಿಯಂ ತೆರೆಯಿತು. ಅನುಮತಿ ಕೇಳುವಾಗ ಹೇಳಿದ್ದು ಮಹಿಳೆಯರ ಇತಿಹಾಸದ ಮ್ಯೂಸಿಯಂ ಎಂದು, ಬೋರ್ಡು ಬಿದ್ದದ್ದು ಕೊಲೆಗಾರನ ಹೆಸರಿನದು. ಸ್ಥಳೀಯರು ಬೀದಿಗಿಳಿದು ಪ್ರತಿಭಟಿಸಿದರು. ಕೊಲೆಯಾದ ಮನೆಯ ಮುಂದೆ ಮೊಬೈಲ್ ಹಿಡಿದು ಸೇರುವ ಜನರನ್ನು, ಆ ಜನರ ನಡುವೆಯೇ ನಿಂತು ಸುದ್ದಿ ಮಾಡುವ ನಮ್ಮನ್ನೂ, ಇದನ್ನು ಓದಿದಾಗ ನೆನೆದುಕೊಂಡೆವು. ಕೊಂದವನ ಹೆಸರು ತಲೆಬರಹಕ್ಕೆ ಹೋಗುತ್ತದೆ. ಸತ್ತವಳು 'ಮಹಿಳೆ' ಎಂದಷ್ಟೇ ಉಳಿಯುತ್ತಾಳೆ.

ನಮಗೆ ಗೈಡ್ ಕೆಲಸ ಕೊಟ್ಟರೆ, ಹೋಮ್ಸ್ ಪಬ್ಬಿನಿಂದ ಕೆಲವೇ ಹೆಜ್ಜೆ ನಡೆಸಿ ಟ್ರಫಾಲ್ಗರ್ ಚೌಕದ ಅಂಚಿಗೆ ಕರೆದೊಯ್ದು ನಿಲ್ಲಿಸುತ್ತೇವೆ. ಚಾರಿಂಗ್ ಕ್ರಾಸ್‌ನ ಗ್ರ್ಯಾಂಡ್ ಹೋಟೆಲ್ ಇದ್ದದ್ದು ಅಲ್ಲಿ. 1907ರ ಜನವರಿಯ ಆರಂಭದಲ್ಲಿ ಅದರ ಮುಂಗಟ್ಟೆಯಲ್ಲಿ ಡಾಯ್ಲ್‌ಗಾಗಿ ಒಬ್ಬ ಯುವಕ ಕಾಯುತ್ತ ಪತ್ರಿಕೆ ಓದುತ್ತಿದ್ದ. ಹೆಸರು ಜಾರ್ಜ್ ಎಡಾಲ್ಜಿ. ತಂದೆ ಶಾಪುರ್ಜಿ ಎಡಾಲ್ಜಿ ಮುಂಬಯಿಯ ಪಾರ್ಸಿ, ಕ್ರೈಸ್ತರಾಗಿ ಸ್ಟಾಫರ್ಡ್‌ಶೈರ್‌ನ ಗ್ರೇಟ್ ವರ್ಲಿ ಹಳ್ಳಿಯಲ್ಲಿ ಪಾದ್ರಿಯಾಗಿದ್ದವರು. ತಾಯಿ ಇಂಗ್ಲಿಷಿನವರು. ಹಳ್ಳಿಯಲ್ಲಿ ಬೇರೆ ಬಣ್ಣದ ಒಂದೇ ಕುಟುಂಬ, ಅವರ ಮೇಲೆ ವರ್ಷಗಟ್ಟಲೆ ಮೂಕರ್ಜಿಗಳು. 1903ರಲ್ಲಿ ಊರಿನ ದನ ಕುದುರೆಗಳನ್ನು ಯಾರೋ ರಾತ್ರಿ ಹೊತ್ತು ಕೊಯ್ಯತೊಡಗಿದರು. ಪೊಲೀಸರು ಹಿಡಿದದ್ದು ವಕೀಲಿ ಮಾಡುತ್ತಿದ್ದ ಜಾರ್ಜ್‌ನನ್ನು. ಏಳು ವರ್ಷ ಕಠಿಣ ಶಿಕ್ಷೆಯಾಯಿತು. ಮೂರು ವರ್ಷ ಕಳೆದ ಮೇಲೆ ಕಾರಣ ಹೇಳದೆ ಬಿಟ್ಟರು. ಕಳಂಕ ಮಾತ್ರ ಹೋಗಲಿಲ್ಲ.

ಹೋಟೆಲಿಗೆ ಬಂದ ಡಾಯ್ಲ್ ದೂರದಿಂದಲೇ ನೋಡಿದರು. ಯುವಕ ಪತ್ರಿಕೆಯನ್ನು ಕಣ್ಣಿಗೆ ತಾಗುವಷ್ಟು ಹತ್ತಿರ, ಓರೆಯಾಗಿ ಹಿಡಿದಿದ್ದ. ಕಣ್ಣಿನ ವೈದ್ಯವನ್ನೂ ಅಭ್ಯಾಸ ಮಾಡಿದ್ದ ಡಾಯ್ಲ್‌ಗೆ ಅಷ್ಟು ಸಾಕಾಯಿತು. ಇಷ್ಟು ಮಂದದೃಷ್ಟಿಯವನು ಮಳೆಯ ಕತ್ತಲಲ್ಲಿ ರೈಲು ಹಳಿ ದಾಟಿ, ಹೊಲ ಹಾದು, ಕುದುರೆಯನ್ನು ಕೊಯ್ದು ವಾಪಸು ಬರುವುದು ಹೇಗೆ? ಅವರು ಕಡತಗಳನ್ನು ಓದಿದರು, ಹಳ್ಳಿಗೂ ಹೋದರು. 'ಡೈಲಿ ಟೆಲಿಗ್ರಾಫ್' ಪತ್ರಿಕೆಯಲ್ಲಿ ದೀರ್ಘ ಲೇಖನ ಬರೆದು, ಯಾರು ಬೇಕಾದರೂ ಮರುಮುದ್ರಿಸಲಿ ಎಂದು ಹಕ್ಕು ಬಿಟ್ಟುಕೊಟ್ಟರು. ಗಲಾಟೆಯೆದ್ದಿತು. ಸರ್ಕಾರ ಸಮಿತಿ ನೇಮಿಸಿತು. 1907ರ ಮೇ ತಿಂಗಳಲ್ಲಿ ಎಡಾಲ್ಜಿಗೆ ಕ್ಷಮೆ ಸಿಕ್ಕಿತು. ಆದರೆ ಮೂಕರ್ಜಿಗಳಲ್ಲಿ ಕೆಲವನ್ನು ಅವನೇ ಬರೆದಿದ್ದನೆಂದು ಸಮಿತಿ ಹಟ ಹಿಡಿದದ್ದರಿಂದ ಮೂರು ವರ್ಷದ ಜೈಲಿಗೆ ಒಂದು ಕಾಸೂ ಪರಿಹಾರ ಸಿಗಲಿಲ್ಲ. ಮತ್ತೆ ವಕೀಲಿ ಮಾಡಲು ಅವಕಾಶವಾಯಿತು. ಅಲ್ಲಿಯವರೆಗೆ ಇಂಗ್ಲೆಂಡಿನಲ್ಲಿ ಕ್ರಿಮಿನಲ್ ಶಿಕ್ಷೆಯ ವಿರುದ್ಧ ಮೇಲ್ಮನವಿಗೆಂದೇ ಒಂದು ನ್ಯಾಯಾಲಯ ಇರಲಿಲ್ಲ. ಅದೇ 1907ರಲ್ಲಿ ಅದಕ್ಕೆ ಕಾಯ್ದೆ ಬಂತು. ಹಾಗೆ ಬರಲು ಕಾರಣವಾದ ಪ್ರಕರಣಗಳಲ್ಲಿ ಇದೂ ಒಂದು.

ಬೇಕರ್ ಸ್ಟ್ರೀಟಿನ ಕಂಚಿನ ಮನುಷ್ಯನಿಗಿಂತ ಈ ಹೋಟೆಲಿನ ಭೇಟಿ ನಮಗೆ ದೊಡ್ಡದಾಗಿ ಕಾಣುವುದು ಇದಕ್ಕೆ. ಇಲ್ಲಿ ನಡೆದದ್ದು ನೋಡುವುದು, ಕಡತ ಓದುವುದು, ಊರಿಗೆ ಹೋಗುವುದು, ಬರೆಯುವುದು. ಎಲ್ಲವೂ ನಮ್ಮ ಕೈಗೂ ಸಿಗುವ ಕೆಲಸಗಳೇ. ಮೂಕರ್ಜಿ ನಂಬಿ, ಠಾಣೆಯಲ್ಲಿ ಕೊಟ್ಟ ಹಾಳೆಯನ್ನು ಹಾಗೇ ಟೈಪು ಮಾಡಿ, ಆರೋಪಿಯ ಫೋಟೊ ಸಮೇತ ಕಳಿಸಿದ ಸಂಜೆಗಳು ನಮ್ಮಲ್ಲೂ ಇವೆ. ಆಮೇಲೆ ಆತ ಖುಲಾಸೆಯಾದಾಗ ಅದು ಸುದ್ದಿಯಾಗಲಿಲ್ಲ. ಆದರೂ ಎರಡು ಸಾಲು ಹೋಗಿದ್ದರೆ ಅದು ಒಳಪುಟದ ಮೂಲೆಗೆ.

ಇಲ್ಲದ ಮನೆಗೆ ಜನ ಕಾಗದ ಬರೆದದ್ದನ್ನು ಓದಿ ಮೊದಲು ನಕ್ಕಿದ್ದೆವು. ಈಗ ನಗು ಬರುವುದಿಲ್ಲ. ಠಾಣೆ, ಕಚೇರಿ, ಪತ್ರಿಕೆ ಎಲ್ಲ ಕೈಬಿಟ್ಟ ಮೇಲೆ ಮನುಷ್ಯ ಎಲ್ಲಿಗೆಂದು ಬರೆಯಬೇಕು? ನಮ್ಮ ನಂಬರಿಗೂ ಅಂಥ ಕರೆಗಳು ಬರುತ್ತವೆ. ನಮ್ಮ ವಿಳಾಸವಂತೂ ಕಾಲ್ಪನಿಕವಲ್ಲ.